ಪ್ರಶ್ನೆ ಬರೆಯುವ ಪುಂಡರೀಕಾಕ್ಷ

ನನ್ನ ಗಂಡ ಪುಂಡರೀಕಾಕ್ಷ ಕಾಫಿ ಕೇಳುವ ರೀತಿ ಹೀಗೆ: "ಒಂದು, ಡಿಕಾಕ್ಷನ್ ಉಳಿದಿರುವುದು ನಿಜವೇ? ಎರಡು, ನಿಜವಿದ್ದಲ್ಲಿ ಎಷ್ಟು ಲೋಟ? ಮೂರು, ಅದನ್ನು ನನಗೆ ಕೊಡಲು ಏನು ಕ್ರಮ ಕೈಗೊಳ್ಳಲಾಗಿದೆ?" ಡಿಕಾಕ್ಷನ್ ಮುಗಿದಿದ್ದರೆ ನಾನೂ ಸರ್ಕಾರದ ಹಾಗೆಯೇ ಹೇಳುತ್ತೇನೆ: "ಒಂದು, ನಿಜವಲ್ಲ. ಎರಡು ಮತ್ತು ಮೂರು, ಪ್ರಶ್ನೆ ಉದ್ಭವಿಸುವುದಿಲ್ಲ."

ತಮಾಷೆಯಲ್ಲ, ಇವರ ಕಸುಬೇ ಇದು. ಮೈಸೂರಿನಿಂದ ಮುಂಬೈಗೆ ಬಂದು ಮೂವತ್ತೆರಡು ವರ್ಷ ವಿಮಾ ಕಚೇರಿಯಲ್ಲಿ ಸ್ಟೆನೊ ಆಗಿದ್ದರು. ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾರದೆ, ಈ ಕಡೆಯ ವಿರೋಧ ಪಕ್ಷದ ಶಾಸಕಿ ಸುಲೋಚನಾತಾಈ ಅವರ ಕಚೇರಿ ಸೇರಿದರು. ತಾಈ ಎಂದರೆ ಮರಾಠಿಯಲ್ಲಿ ಅಕ್ಕ. ಇವರಿಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ಅಕ್ಕನೇ. ವಿಧಾನಸಭೆಯಲ್ಲಿ ಅವರು ಎದ್ದು ನಿಂತು ಕೇಳುವ ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಮರಾಠಿಯಲ್ಲಿ ಬರೆದುಕೊಡುವವರು ಈ ಮೈಸೂರಿನವರು. ಮಂತ್ರಿಗಳ ಬೆವರಿಳಿಸುವ ಮಾತು ಡೊಂಬಿವಲಿಯ ನಮ್ಮ ಊಟದ ಮೇಜಿನ ಮೇಲೆ ಹುಟ್ಟಿತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗಬಾರದೆಂಬುದು ಇವರ ಹಟ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬುದು ನನ್ನ ಆಸೆ.

ಪ್ರಶ್ನೆ ಬರೆಯಲು ಇವರದೊಂದು ಕಟ್ಟುನಿಟ್ಟು ಇದೆ. ಮೊದಲ ಭಾಗದಲ್ಲಿ ಸರ್ಕಾರ ಒಪ್ಪಲೇಬೇಕಾದ ಸಂಗತಿ ಮಾತ್ರ ಇರಬೇಕು: ತಾರೀಖು, ಸ್ಥಳ, ನಡೆದ ಘಟನೆ. ಅದಕ್ಕೆ ಮಂತ್ರಿ 'ಹೇ ಖರೇ ಆಹೇ', ಇದು ನಿಜ ಎಂದರೆ ಮುಂದೆ ತಪ್ಪಿಸಿಕೊಳ್ಳುವುದು ಕಷ್ಟ. ತಕರಾರಿನ ಮಾತನ್ನೆಲ್ಲ ಕೆಳಗಿನ ಭಾಗಗಳಿಗೆ ಇಡಬೇಕು. ಮೊದಲನೆಯದಕ್ಕೇ 'ಖರೇ ನಾಹೀ', ನಿಜವಲ್ಲ ಅಂದುಬಿಟ್ಟರೆ ಉಳಿದದ್ದು ಯಾವುದೂ ಉದ್ಭವಿಸುವುದಿಲ್ಲ. ಸಾಬವ್ವ ಬರುವವರೆಗೆ, ಆರು ವರ್ಷದಲ್ಲಿ ಒಮ್ಮೆಯೂ ಇವರು ಈ ನಿಯಮ ಮುರಿದಿರಲಿಲ್ಲ.

ಸಾಬವ್ವ ನಮ್ಮ ಮನೆಗೆ ಬಂದದ್ದು ಹತ್ತಿರದ ದಿವಾದಿಂದ. ಅವಳ ಗಂಡ ಬಾಲಪ್ಪ ವಿಜಯಪುರದ ಕಡೆಯವನು, ಇಲ್ಲಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಡ್ರಮ್ ಇಳಿಸುವ ಹಮಾಲ. ಕಾರ್ಖಾನೆಯಲ್ಲಿ ಸ್ಫೋಟವಾದಾಗ ಒಳಗಿದ್ದ. ಮೈ ಸುಟ್ಟು, ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಸರ್ಕಾರದ ಪಟ್ಟಿಯಲ್ಲಿ ಸತ್ತವರು ಮೂವರು, ಮೂವರೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇದ್ದವರು. ಬಾಲಪ್ಪನ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಅವಳು ಕೇಳಿದ್ದು ಒಂದೇ: ತನ್ನ ಗಂಡನೂ ಆ ಸ್ಫೋಟದಲ್ಲೇ ಸತ್ತನೆಂದು ಸರ್ಕಾರ ಬಾಯಿಬಿಟ್ಟು ಹೇಳಬೇಕು.

ಇವರು ಪ್ರಶ್ನೆ ಬರೆದು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದರು. ಮೊದಲ ಭಾಗ ಸ್ಫೋಟದ್ದು. ಬಾಲಪ್ಪನ ಹೆಸರು ನಾಲ್ಕನೆಯ ಭಾಗದಲ್ಲಿತ್ತು.

"ಅಣ್ಣಾರ, ಅಂವಾ ಲೋಕಲ್‌ನ್ಯಾಗೂ ಬಾಗಲ್ದಾಗ ಜೋತಾಡಿಕೋತ ಹೋದಾಂವ. ಪಗಾರದ ಪಾಳಿಯೊಳಗೂ ಕಡೀಗೆ ನಿಂತಾಂವ" ಅಂದಳು ಸಾಬವ್ವ. "ಇಲ್ಲೀನೂ ಕಡೀಗೇ ಏನ್ರಿ? ಮೊದಲ ಬರೀರಿ."

"ಬರೀರೀ, ಏನಾಗತ್ತೆ?" ಅಂದೆ ನಾನು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಇವರು ಕಾಗದ ಹರಿದು ಹೊಸದಾಗಿ ಬರೆದರು: ಒಂದು, ಹಮಾಲ ಬಾಲಪ್ಪನೂ ಸೇರಿದಂತೆ ಈ ಸ್ಫೋಟದಲ್ಲಿ ನಾಲ್ವರು ಸತ್ತಿರುವುದು ನಿಜವೇ?

ಕಳಿಸಿದ ಮಾರನೆಯ ದಿನವೇ ಇವರ ನೆಮ್ಮದಿ ಹಾರಿಹೋಯಿತು. ತಿದ್ದಲು ಗಡುವು ಮುಗಿದಿತ್ತು. ಊಟದ ನಡುವೆ ಎದ್ದು ಹೋಗಿ ಪ್ರತಿ ತೆಗೆದು ನೋಡುವುದು, ಬಾಲ್ಕನಿಗೆ ಹೋಗುವುದು, ಬರುವುದು, ಸ್ಟೇಷನ್‌ವರೆಗೆ ನಡೆದು ಸುಮ್ಮನೆ ವಾಪಸಾಗುವುದು. "ಮಂತ್ರಿ ಕೈಗೆ ನಾನೇ ಬಾಗಿಲು ಕೊಟ್ಟೆ ಜಾನಕಿ, ಹಾಕ್ಕೊಳ್ಳಿ ಅಂತ" ಅನ್ನುತ್ತಿದ್ದರು. ಬೈದೆ, ಸಮಾಧಾನ ಹೇಳಿದೆ, ಕೊನೆಗೆ ನನಗೂ ನಿದ್ದೆ ಕೆಟ್ಟಿತು.

ಪ್ರಶ್ನೆ ಬರುವ ದಿನ ಗ್ಯಾಲರಿಗೆ ಎರಡು ಪಾಸ್ ಸಿಕ್ಕವು. ಮರಾಠಿ ಬಾರದ ಸಾಬವ್ವನ ಜೊತೆಗೆ ನಾನು. ಬೆಳಗಿನ ಲೋಕಲ್‌ನಲ್ಲಿ ನುಗ್ಗಾಡಿಕೊಂಡು ಮೂವರೂ ಮುಂಬೈ ತಲುಪಿದೆವು. ಇವರು ಪಕ್ಷದ ಕೋಣೆಗೆ ಹೋಗಿ, ಉತ್ತರದ ಅಚ್ಚಾದ ಪ್ರತಿ ಹಿಡಿದು ಮೆಟ್ಟಿಲ ಬಳಿ ಬಂದರು. ಮುಖ ನೋಡಿಯೇ ನನಗೆ ತಿಳಿಯಿತು.

"ಒಂದು, ನಿಜವಲ್ಲ. ಎರಡರಿಂದ ಐದು, ಉದ್ಭವಿಸಲ್ಲ" ಅಂದರು ಮೆಲ್ಲಗೆ. "ಮಂತ್ರಿ ಉತ್ತರದ ಮೇಲೆ ಕೇಳೋಕೆ ಉಪಪ್ರಶ್ನೆ ಮೂರು ಬರ್ಕೊಟ್ಟಿದೀನಿ ತಾಈಗೆ. ಇನ್ನು ಅವರುಂಟು, ಮಂತ್ರಿಯುಂಟು."

ಸಭೆಯಲ್ಲಿ ಮಂತ್ರಿ ಅದನ್ನೇ ಹೇಳಿ ಕೂತರು. ತಾಈ ಎದ್ದರು. ದನಿ ಏರಿಸಲಿಲ್ಲ. ಅವರ ಒಂದೊಂದು ಮಾತನ್ನೂ ನಾನು ಸಾಬವ್ವನ ಕಿವಿಯಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೆ.

"ನಾಲ್ವರಲ್ಲ ಅಂದಿರಿ. ಮತ್ತೆ ಎಷ್ಟು ಜನ?"

"ಮೂವರು."

"ಆ ಹೊತ್ತಿಗೆ ಡ್ರಮ್ ಇಳಿಸುತ್ತಿದ್ದವರು ಆ ಮೂವರೇ?"

"ಇಲ್ಲ. ಆ ಕೆಲಸ ಗುತ್ತಿಗೆದಾರನದು."

"ಅಂದರೆ ಗುತ್ತಿಗೆದಾರನ ಆಳುಗಳು ಗೇಟಿನ ಒಳಗಿದ್ದರು. ಅವರಲ್ಲಿ ಸುಟ್ಟುಕೊಂಡವರ ಹೆಸರು ನಿಮ್ಮ ಯಾವ ಪಟ್ಟಿಯಲ್ಲಿದೆ?"

ಮಂತ್ರಿ ಅಧಿಕಾರಿಗಳು ಕೂತ ಕಡೆ ತಿರುಗಿದರು. ಚೀಟಿಯೊಂದು ಬಂತು. ಅದನ್ನು ಓದಿಕೊಂಡು ಮೊದಲಿನ ರಾಗವನ್ನೇ ಎಳೆದರು, ನಾಲ್ವರು ಸತ್ತರೆಂಬುದು ಖರೇ ನಾಹೀ. ನಾನು ಅರ್ಥ ಹೇಳುವ ಮೊದಲೇ ಸಾಬವ್ವ ಎದ್ದಿದ್ದಳು. ಖರೇ ಎಂಬುದು ವಿಜಯಪುರದವರ ಮನೆಮಾತೂ ಹೌದು, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಖರೇ ಐತ್ರಿ ಸಾಹೇಬ್ರ. ಅವನ ಸುಟ್ಟ ಅಂಗಿ ಬಿಡಿಸಿದಾಕಿ ನಾನ."

ಗ್ಯಾಲರಿಯಲ್ಲಿ ಉಸಿರೆತ್ತುವಂತಿಲ್ಲ. ಮಾರ್ಷಲ್‌ಗಳು ಬಂದು ನಮ್ಮಿಬ್ಬರನ್ನೂ ಹೊರಗೆ ನಡೆಸಿದರು. ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಮುಂದಿನದನ್ನು ಟಿವಿಯಲ್ಲಿ ನೋಡಿದ ಇವರು ಓಡೋಡಿ ಬಂದು ಹೇಳಿದರು. ಗ್ಯಾಲರಿಯ ಮಾತು ದಾಖಲೆಗೆ ಹೋಗಕೂಡದೆಂದು ಸಭಾಧ್ಯಕ್ಷರು ಹೇಳಿದಾಗ ತಾಈ, "ಹಾಗಾದರೆ ನಾನು ಹೇಳುತ್ತೇನೆ, ಬರೆದುಕೊಳ್ಳಿ, ಹೇ ಖರೇ ಆಹೇ" ಅಂದರಂತೆ. ವಿರೋಧ ಪಕ್ಷದವರೆಲ್ಲ ಎದ್ದು ನಿಂತರಂತೆ. ಸಭಾಧ್ಯಕ್ಷರು ಪ್ರಶ್ನೆಯನ್ನು ಕಾಯ್ದಿರಿಸಿ, ವಿಚಾರಿಸಿ ಮತ್ತೆ ಉತ್ತರ ಕೊಡಲು ಮಂತ್ರಿಗೆ ಸೂಚಿಸಿದರು.

ಹನ್ನೆರಡು ದಿನ ಕಾದೆವು. ಪರಿಷ್ಕೃತ ಉತ್ತರ ಬಂದ ಸಂಜೆ ಸಾಬವ್ವ ಅಂದಿನ ಕೆಲಸ ಬಿಟ್ಟು ನಮ್ಮ ಮನೆಗೆ ಬಂದು ಕೂತಿದ್ದಳು. ಇವರು ನಿಂತುಕೊಂಡೇ ಓದಿದರು: "ಒಂದು, ಹೇ ಅಂಶತಃ ಖರೇ ಆಹೇ." ಖುಷಿಗೆ ಆ ಸಾಲನ್ನು ಇನ್ನೊಮ್ಮೆ ಓದಿದರು. ನಿಜವಲ್ಲ ಎಂದ ಸರ್ಕಾರದ ಬಾಯಲ್ಲಿ ಇಷ್ಟು ಹೊರಡಿಸುವುದು ಸಣ್ಣ ಗೆಲುವಲ್ಲವೆಂದು ಅವಳಿಗೆ ವಿವರಿಸಿದರು. ಬಾಲಪ್ಪ ಗೇಟಿನ ಒಳಗಿದ್ದನೆಂದು ಒಪ್ಪಿದ್ದಾರೆ, ಗಾಯವಾಯಿತೆಂದೂ ಒಪ್ಪಿದ್ದಾರೆ, ಸತ್ತದ್ದು ಅದರಿಂದಲೇ ಎಂದು ಮಾತ್ರ ಒಪ್ಪಿಲ್ಲ.

"ಅಂಶತಃ ಅಂದ್ರ?" ಸಾಬವ್ವ ಕೇಳಿದಳು.

"ಸ್ವಲ್ಪ ಭಾಗ ನಿಜ ಅಂತಮ್ಮಾ."

ಅವಳು ಇವರನ್ನೇ ನೋಡುತ್ತ ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ತವಕವಷ್ಟೇ ಇತ್ತು.

"ಹಂಗಾರ ಅಂವಾ ಎಷ್ಟು ಸತ್ತಾನಂತ್ರಿ ಅಣ್ಣಾರ? ಅರ್ಧಾ?"

ಇವರು ಪೆನ್ನು ತೆಗೆದು, ಅವಳು ಕೇಳಿದ್ದನ್ನು ಒಂದಕ್ಷರವೂ ಬಿಡದೆ ಮರಾಠಿಯಲ್ಲಿ ಬರೆದುಕೊಂಡು, ತಾಈ ಅವರ ಮನೆಗೆ ಹೊರಟರು.