ಸಂತಾಪ ಹೇಳಲು ಬಂದ ಶಾಲಾ ಮಂಡಳಿ

ಹೆಗ್ರೆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಪಾದ್ರಿಗಿಂತ ಮೊದಲು ಬಾಗಿಲು ತಟ್ಟುವವಳು ಆರ್ಡಿಸ್ ಕ್ವಾಮೆ. ಕೈಯಲ್ಲಿ ಟವೆಲು ಸುತ್ತಿದ ಗಾಜಿನ ಪಾತ್ರೆ, ಅದರೊಳಗೆ ಹಬೆಯಾಡುವ ಹಾಟ್‌ಡಿಶ್. ಕೆಳಗೆ ಹುರಿದ ಕೀಮಾ, ನಡುವೆ ಡಬ್ಬದ ಅಣಬೆ ಸೂಪು, ಮೇಲೆ ಸಿಪಾಯಿಗಳ ಹಾಗೆ ಸಾಲಾಗಿ ನಿಂತ ಆಲೂಗಡ್ಡೆ ಉಂಡೆಗಳು. ಅಮೆರಿಕದ ಮಿನೆಸೋಟ ರಾಜ್ಯದ ಆ ಮೂಲೆಯಲ್ಲಿ ದುಃಖಕ್ಕೆ ಅದೇ ಔಷಧಿ. ಗಂಡ ಸತ್ತರೂ ಹಾಟ್‌ಡಿಶ್, ಹೆರಿಗೆಯಾದರೂ ಹಾಟ್‌ಡಿಶ್, ಕೊಟ್ಟಿಗೆಗೆ ಸಿಡಿಲು ಬಡಿದರೂ ಹಾಟ್‌ಡಿಶ್. ಅತ್ತು ಸುಸ್ತಾದವರು ತಿನ್ನಲಿ, ಮಾತು ಬರದವರು ಬಾಯಿಗೆ ಏನಾದರೂ ಹಾಕಿಕೊಳ್ಳಲಿ ಎಂಬ ಏರ್ಪಾಡು.

ಆರ್ಡಿಸ್‌ಗೆ ಅರವತ್ತೇಳು ವರ್ಷ. ಕೆರೆಯ ದಂಡೆಯಲ್ಲಿ ಮೀನುಗಾಳದ ಅಂಗಡಿ. ಎರೆಹುಳು, ಜಿಗಣೆ, ಬಕೆಟ್ಟಿನಲ್ಲಿ ಒದ್ದಾಡುವ ಪುಡಿಮೀನು, ಒಂದು ಕಡೆ ಕಾಫಿ. ಊರಿನ ಗಂಡಸರೆಲ್ಲ ಬೆಳಗ್ಗೆ ಹುಳು ಕೊಳ್ಳಲು ಬಂದು ಕಾಫಿ ಕುಡಿದು, ಹುಳು ಮರೆತು ಹೋಗುತ್ತಿದ್ದರು. ಇಷ್ಟು ಜನರ ಮುಖಪರಿಚಯ ಇರುವವಳು ಚುನಾವಣೆಗೆ ನಿಂತರೆ ಗೆಲ್ಲದೆ ಇರುತ್ತಾಳೆಯೇ? ಹಾಗೆ ಅವಳು ಶಾಲಾ ಮಂಡಳಿಯ ಸದಸ್ಯೆಯಾದಳು. ಅಲ್ಲಿ ಶಾಲೆ ನಡೆಸುವುದು ಸರ್ಕಾರದ ಯಾವುದೋ ಇಲಾಖೆಯಲ್ಲ, ಊರಿನವರೇ ಆರಿಸಿದ ಏಳು ಮಂದಿ. ಓದು ಬಲ್ಲವರೇ ಆಗಿರಬೇಕೆಂದೇನೂ ಇಲ್ಲ. ಹೆಗ್ರೆಯ ಏಳು ಮಂದಿಯಲ್ಲಿ ಐವರಿಗೆ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಚೆನ್ನಾಗಿ ಗೊತ್ತಿತ್ತು.

ತೊಂದರೆ ಶುರುವಾದದ್ದು ಮಕ್ಕಳು ಖಾಲಿಯಾಗತೊಡಗಿದಾಗ. ಆ ರಾಜ್ಯದಲ್ಲಿ ನಿಮ್ಮೂರಿನ ಶಾಲೆ ಬೇಡವೆನಿಸಿದರೆ ಪಕ್ಕದೂರಿನ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಬಹುದು. ಮಗು ಹೋದ ಕಡೆ ಸರ್ಕಾರದ ಹಣವೂ ಹೋಗುತ್ತದೆ. ಹೆಗ್ರೆಯ ಮಕ್ಕಳು ಒಬ್ಬೊಬ್ಬರಾಗಿ ಆಲ್ಡರ್ ಫಾಲ್ಸ್ ಎಂಬ ಪಕ್ಕದೂರಿಗೆ ಹೊರಟರು. ಮಂಡಳಿಯ ಅಧ್ಯಕ್ಷ ಡ್ವೇನ್ ಸ್ಟೆನ್ಸ್‌ರುಡ್, ಟ್ರ್ಯಾಕ್ಟರ್ ಮಾರುವವನು, ಆರ್ಡಿಸ್‌ಳ ಜೊತೆ ಒಂದನೇ ತರಗತಿಯಿಂದ ಓದಿದವನು, ಸಭೆಯಲ್ಲಿ ಕನ್ನಡಕ ಒರೆಸುತ್ತ ಹೇಳಿದ: "ಯಾಕೆ ಹೋಗ್ತಿದಾರೆ ಅಂತ ಯಾರಾದ್ರೂ ಕೇಳ್ಬೇಕಲ್ಲಪ್ಪ."

ಯಾರೂ ಕೈ ಎತ್ತಲಿಲ್ಲ. ಆ ಊರಿನಲ್ಲಿ ಒಬ್ಬರನ್ನು ನೇರವಾಗಿ "ಯಾಕೆ?" ಎಂದು ಕೇಳುವುದು ಸ್ನಾನದ ಮನೆಯ ಬಾಗಿಲು ತೆರೆದ ಹಾಗೆ. ಕೊನೆಗೆ ಆರ್ಡಿಸ್, "ನಾನು ಹೋಗಿ ಬರ್ತೀನಿ, ಬಿಡು" ಎಂದಳು. ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು? ಅವಳಿಗೆ ಗೊತ್ತಿದ್ದ ದಾರಿ ಒಂದೇ. ಓವನ್ ಹಚ್ಚಿದಳು.

ಹೀಗೆ ಬದುಕಿರುವವರ ಮನೆಗೆ ಸಾವಿನ ಊಟ ಹೊತ್ತು ಹೋದ ಮೊದಲ ಜನಪ್ರತಿನಿಧಿ ಆರ್ಡಿಸ್.

ಬ್ಯೋರ್ಕ್ ಮನೆಯವರು ಬಾಗಿಲು ತೆರೆದು ಪಾತ್ರೆ ನೋಡಿ ಬೆಚ್ಚಿಬಿದ್ದರು. "ಅಯ್ಯೋ ದೇವರೇ, ಯಾರು ಹೋದ್ರು?"

"ನಿಮ್ಮ ಮಕ್ಳು ಹೋದ್ರಲ್ಲ," ಎಂದಳು ಆರ್ಡಿಸ್. "ಏನಾದ್ರೂ ಬೇಜಾರಾಯ್ತಾ ನಮ್ ಶಾಲೇಲಿ?"

"ಛೆ ಛೆ, ಬೇಜಾರೇನು ಬಂತು! ಆ ದಾರಿ ಚೆನ್ನಾಗಿದೆ ಅಷ್ಟೆ. ಕೆರೆ ಪಕ್ಕದಲ್ಲೇ ಹೋಗುತ್ತೆ."

ಆಸ್ಪತ್ರೆಯ ನರ್ಸು ಹೋದನ್ ವಾರ್ಸಾಮೆ ಸೊಮಾಲಿಯಾದಿಂದ ಬಂದವಳು. ಬಂದ ಹೊಸದರಲ್ಲಿ ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳಿ ಊರನ್ನೇ ಗಾಬರಿಗೊಳಿಸಿದ್ದಳು. ಈಗ ಪಳಗಿದ್ದಳು. ಏಲಕ್ಕಿ ಚಹಾ ಕೊಟ್ಟು, ಹಂದಿ ಮಾಂಸವಿಲ್ಲ ಎಂದು ಆರ್ಡಿಸ್ ಆಣೆ ಮಾಡಿದ ಪಾತ್ರೆಯನ್ನು ಗೌರವದಿಂದ ತೆಗೆದುಕೊಂಡು, "ನಿಮ್ಮ ಶಾಲೆಯೂ ಪರವಾಗಿಲ್ಲ ಆರ್ಡಿಸ್. ಅಲ್ಲಿ ಊಟದ ಕೋಣೆ ಸ್ವಲ್ಪ ದೊಡ್ಡದು, ಅಲ್ವಾ?" ಎಂದು ಅಪ್ಪಟ ಹೆಗ್ರೆಯವಳ ಹಾಗೆ ಹೇಳಿದಳು.

ನ್ಯೂಗಾರ್ಡ್ ಎಂಬ ಬಡಗಿ ಮಾತ್ರ ಬಾಗಿಲಲ್ಲೇ ತಲೆ ಕೆರೆದು, ಹೇಳಲು ಏನೂ ತೋಚದೆ, "ಅವರ ಹಾಕಿ ಮೈದಾನದ ಸ್ಕೋರ್‌ಬೋರ್ಡ್ ಭಾರಿ ಚೆನ್ನಾಗಿದೆ ಕಣಮ್ಮ" ಎಂದ. ಅವನ ಮಕ್ಕಳಿಬ್ಬರಿಗೂ ಹಾಕಿ ಆಡಲು ಬರುತ್ತಿರಲಿಲ್ಲ.

ಆರ್ಡಿಸ್ ಇದೆಲ್ಲವನ್ನೂ ಮಂಡಳಿಗೆ ಚಾಚೂ ತಪ್ಪದೆ ಒಪ್ಪಿಸಿದಳು. ಕೆರೆ, ಊಟದ ಕೋಣೆ ಎಂದಾಗ ತೂಕಡಿಸುತ್ತಿದ್ದ ಡ್ವೇನ್, ಸ್ಕೋರ್‌ಬೋರ್ಡ್ ಎಂದೊಡನೆ ಎದ್ದು ಕುಳಿತ. "ನೋಡಿದ್ರಾ! ನಾನು ಹೇಳ್ತಾನೇ ಇದ್ದೆ!" ಎರಡು ವರ್ಷದ ಹಿಂದೆ ಒಳಾಂಗಣ ಹಾಕಿ ಮೈದಾನದ ಸೋರುವ ಛಾವಣಿಯ ರಿಪೇರಿಗೆ ಹಣ ಹೊಂದಿಸಲು, ಚಿಕ್ಕ ಮಕ್ಕಳಿಗೆ ಓದಲು ಕಲಿಸುತ್ತಿದ್ದ ವಿಶೇಷ ಶಿಕ್ಷಕಿಯ ಕೆಲಸವನ್ನು ತೆಗೆದುಹಾಕಿದ್ದವರು ಇವರೇ. ಈಗ ಅದೇ ಛಾವಣಿಯ ಕೆಳಗೆ ದೊಡ್ಡ ದೀಪದ ಸ್ಕೋರ್‌ಬೋರ್ಡ್ ಹಾಕಿದರೆ ಮಕ್ಕಳು ಚಿಟ್ಟೆಗಳ ಹಾಗೆ ಹಾರಿ ವಾಪಸ್ಸು ಬರುತ್ತಾರೆ ಎಂದು ತೀರ್ಮಾನವಾಯಿತು. ಈ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಶಾಲೆಯ ಲೈಬ್ರರಿಯಲ್ಲಿ, ಸುತ್ತ ಪುಸ್ತಕಗಳ ನಡುವೆ. ಪುಸ್ತಕಗಳಿಗೆ ಕಿವಿಯಿಲ್ಲದ್ದು ಪುಣ್ಯ. ಮುಂದಿನ ಸೋಮವಾರ ಮತ ಹಾಕುವುದು ಎಂದಾಯಿತು.

ಆ ವಾರವೇ ಆರ್ಡಿಸ್‌ಳ ಮಗಳು ಸಿಗ್ನೆ ಅಂಗಡಿಗೆ ಬಂದಳು. ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ, ತೋಳಿನಲ್ಲಿ ಇನ್ನೂ ಹಿಟ್ಟು. ಪುಡಿಮೀನಿನ ತೊಟ್ಟಿಯ ಕಡೆ ನೋಡುತ್ತಲೇ ಹೇಳಿದಳು: "ಅಮ್ಮ, ಈ ವಾರ ನಮ್ಮನೆಗೂ ಒಂದು ಹಾಟ್‌ಡಿಶ್ ತಂದ್ಬಿಡು."

ಆರ್ಡಿಸ್ ನಕ್ಕಳು. "ಯಾಕೆ, ಅಡಿಗೆ ಮಾಡಕ್ಕೆ ಟೈಮಿಲ್ವಾ?"

ಸಿಗ್ನೆ ನಗಲಿಲ್ಲ. ಆರ್ಡಿಸ್‌ಳ ಕೈಯಲ್ಲಿದ್ದ ಜಾಲರಿ ಜಾರಿ ನೀರಿಗೆ ಬಿತ್ತು.

"ಟೋವಾನಾ?"

"ಹೂಂ. ಜನವರಿಯಿಂದ ಆಲ್ಡರ್ ಫಾಲ್ಸ್‌ಗೆ."

ಟೋವಾ ಆರ್ಡಿಸ್‌ಳ ಮೊಮ್ಮಗಳು, ಏಳು ವರ್ಷ, ಎರಡನೇ ತರಗತಿ. ಆರ್ಡಿಸ್ ಓದಿದ ಶಾಲೆ, ಸಿಗ್ನೆ ಓದಿದ ಶಾಲೆ, ಟೋವಾ ಓದುತ್ತಿರುವ ಶಾಲೆ ಒಂದೇ. ಮಧ್ಯಾಹ್ನ ಶಾಲೆ ಬಿಟ್ಟೊಡನೆ ಓಡಿ ಬಂದು ಜಿಗಣೆಗಳಿಗೆ ಹೆಸರಿಡುವುದು ಟೋವಾಳ ದಿನಚರಿ.

"ಯಾಕೆ ಸಿಗ್ನೆ?"

"ಹಾಗೇನಿಲ್ಲಮ್ಮ. ಅಲ್ಲಿ ಬೇರೆ ಥರ ಇದೆ ಅಷ್ಟೆ."

"ನೆಂಟರಿಗೆ ಹೇಳೋ ಆ ನಯದ ಮಾತು ನನ್ ಹತ್ರ ಬೇಡ ಕಣೇ!" ಆರ್ಡಿಸ್ ಕೂಗಿದಳು. ಕಾಫಿ ಕುಡಿಯುತ್ತಿದ್ದ ಗಂಡಸರು ಲೋಟದೊಳಗೆ ಮುಖ ಹುದುಗಿಸಿದರು. "ನಾನು ನಿನ್ನ ಹೆತ್ತವಳು. ನೆಟ್ಟಗೆ ಹೇಳು."

ಸಿಗ್ನೆ ಉಸಿರೆಳೆದುಕೊಂಡಳು. "ಅವಳಿಗೆ ಓದಕ್ಕೆ ಬರಲ್ಲಮ್ಮ. ಒಂದು ಸಾಲೂ ಬರಲ್ಲ. ಪುಸ್ತಕ ಹಿಡ್ಕೊಂಡು ಓದ್ತಾಳಲ್ಲ ನಿನ್ನ ಮುಂದೆ, ಅದು ಬಾಯಿಪಾಠ. ಚಿತ್ರ ನೋಡಿ ಹೇಳ್ತಾಳೆ. ಪುಟ ತಿರುಗಿಸೋದನ್ನೇ ಮರೀತಾಳೆ ಒಂದೊಂದ್ಸಲ. ಟೀಚರ್ ಒಳ್ಳೆಯವಳು, ಕ್ಲಾಸ್ ತುಂಬಾ ಮಕ್ಳು, ಒಬ್ಬಳು ಏನ್ ಮಾಡ್ತಾಳೆ? ಮೊದ್ಲು ಇಂಥ ಮಕ್ಕಳನ್ನ ಪಕ್ಕಕ್ಕೆ ಕೂರಿಸ್ಕೊಂಡು ಕಲಿಸೋರು ಒಬ್ರಿದ್ರಲ್ಲ, ಅವರನ್ನ ನೀವೇ ಕಳಿಸಿದ್ರಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ! ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ದಿನ. ಟೋವಾಗೆ ಓದೋದ್ರಲ್ಲಿ ಒಂಚೂರು ಸಹಾಯ ಬೇಕಾಗಬಹುದೇನೋ ಅಂದೆ. ನೀನು ನನ್ನ ತಟ್ಟೆಗೆ ಕುಂಬಳದ ಸಿಹಿ ಪೈ ಇನ್ನೊಂದು ತುಂಡು ಹಾಕಿದೆ."

ಹೆಗ್ರೆಯಲ್ಲಿ ಹುಟ್ಟಿದವರಿಗೆಲ್ಲ ಈ ಅಳತೆ ಗೊತ್ತು. ಅಲ್ಲಿ 'ಪರವಾಗಿಲ್ಲ' ಎಂದರೆ ಕೆಟ್ಟಿದೆ. 'ಬೇರೆ ಥರ ಇದೆ' ಎಂದರೆ ಸಹಿಸಲಾಗುತ್ತಿಲ್ಲ. 'ಒಂಚೂರು ಸಹಾಯ ಬೇಕಾಗಬಹುದೇನೋ' ಎಂದರೆ ಮನೆಗೆ ಬೆಂಕಿ ಬಿದ್ದಿದೆ, ಓಡಿ ಬನ್ನಿ ಎಂದರ್ಥ. ಪಕ್ಕದ ಮನೆಯವಳು ಹೀಗೆ ಹೇಳಿದ್ದರೆ ಆರ್ಡಿಸ್ ಬಕೆಟ್ಟು ಹಿಡಿದು ಓಡುತ್ತಿದ್ದಳು. ಆದರೆ ಮಂಡಳಿಯ ಕುರ್ಚಿಯಲ್ಲಿ ಕುಳಿತ ಮೇಲೆ ಅವಳ ಕಿವಿಯೇ ಬದಲಾಗಿತ್ತು. ಜನ ಪರವಾಗಿಲ್ಲ ಎಂದರೆ ಪರವಾಗಿಲ್ಲ ಎಂದೇ ಕೇಳಿಸುತ್ತಿತ್ತು. ಕುರ್ಚಿಗಳಿಗೆ ಆ ಗುಣವಿದೆ. ಕೂರುವವರ ಸೊಂಟಕ್ಕಿಂತ ಮೊದಲು ಕಿವಿಯನ್ನು ಹಿಡಿಯುತ್ತವೆ.

ಕೆರೆ ಪಕ್ಕದ ದಾರಿ! ದೊಡ್ಡ ಊಟದ ಕೋಣೆ! ಮಗುವನ್ನು ಚಳಿಗಾಲದ ಕತ್ತಲೆಯಲ್ಲಿ ಎಬ್ಬಿಸಿ, ಕಾರಿನ ಗಾಜಿನ ಹಿಮ ಕೆರೆದು, ಪಕ್ಕದೂರಿನ ತನಕ ಕಾರು ಓಡಿಸುವವರು ಕೆರೆ ನೋಡಲು ಹೋಗುತ್ತಾರೆಯೇ?

ಆರ್ಡಿಸ್ ಕೋಟು ಹಾಕಿಕೊಂಡು ಹೊರಟಳು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಹೋದನ್ ಬಾಗಿಲು ತೆರೆದು ಅವಳ ಖಾಲಿ ಕೈ ನೋಡಿ ನಿಜವಾಗಿಯೂ ಹೆದರಿದಳು.

"ನಿನ್ನ ಮಗನಿಗೂ ಓದಕ್ಕೆ ಬರ್ತಿರ್ಲಿಲ್ವಾ?" ಎಂದಳು ಆರ್ಡಿಸ್, ನಮಸ್ಕಾರವಿಲ್ಲ, ಹವಾಮಾನವಿಲ್ಲ.

ಹೋದನ್‌ಳ ಮುಖ ಅರಳಿತು. "ಹನ್ನೊಂದು ವರ್ಷದಿಂದ ಕಾಯ್ತಿದ್ದೆ, ಈ ಊರಲ್ಲಿ ಯಾರಾದ್ರೂ ಒಂದು ನೇರ ಪ್ರಶ್ನೆ ಕೇಳ್ತಾರಾ ಅಂತ. ಒಳಗೆ ಬಾ. ಕೂತ್ಕೋ. ಚಹಾ ಸಾಲಲ್ಲ, ಊಟಕ್ಕೇ ಇರು."

ಸೋಮವಾರ ಲೈಬ್ರರಿಯಲ್ಲಿ ಡ್ವೇನ್ ಸ್ಕೋರ್‌ಬೋರ್ಡಿನ ಬಣ್ಣದ ಚಿತ್ರ ತೋರಿಸಿದ. ಆರ್ಡಿಸ್ ಎದ್ದು ನಿಂತಳು.

"ಜನ ಸ್ಕೋರ್‌ಬೋರ್ಡಿಗೆ ಹೋಗ್ತಿಲ್ಲ ಕಣೋ ಡ್ವೇನ್. ಅದರ ಮೇಲಿರೋದನ್ನ ಓದಕ್ಕೆ ನಮ್ಮ ಮಕ್ಳಿಗೆ ಬರಲ್ಲ, ಅದಕ್ಕೆ ಹೋಗ್ತಿದಾರೆ. ನಾವು ಮನೆಮನೆಗೆ ಹೋಗಿ ಕೇಳಿದ್ವಿ, ಅವರು ನಮ್ಮ ಮರ್ಯಾದೆ ಉಳಿಸಿದ್ರು, ನಾವು ನಂಬಿದ್ವಿ. ನಂಬೋದು ಅನುಕೂಲ ನೋಡು. ಛಾವಣಿಗೆ ಅಂತ ಆ ಟೀಚರನ್ನ ತೆಗೆಯೋವಾಗ ನಾನೂ ಕೈ ಎತ್ತಿದ್ದೆ, ನೀನೂ ಎತ್ತಿದ್ದೆ. ಈಗ ಅದೇ ಕೈ ಎತ್ತಿ ಅವರನ್ನ ವಾಪಸ್ ಕರೆಯೋಣ."

ಡ್ವೇನ್ ಮೆಲ್ಲಗೆ, "ಅದೂ ಒಂದು ಥರದ ಯೋಚನೆ, ಆರ್ಡಿಸ್" ಎಂದ. ಅಲ್ಲಿಯ ಅಳತೆಯಲ್ಲಿ ಅದು ಕಪಾಳಮೋಕ್ಷ.

"ಅದೂ ಒಂದು ಥರ ಅಲ್ಲ, ಇರೋದೇ ಅದೊಂದು," ಎಂದಳು ಆರ್ಡಿಸ್.

ಏಳು ಮಂದಿ ಪರಮ ಸಜ್ಜನರಾದ್ದರಿಂದ ಯಾರನ್ನೂ ನೋಯಿಸದ ನಿರ್ಣಯ ಮಾಡಿದರು. ಸ್ಕೋರ್‌ಬೋರ್ಡು ಬರಲಿ, ಸ್ವಲ್ಪ ಚಿಕ್ಕದು. ಓದು ಕಲಿಸುವ ಶಿಕ್ಷಕಿಯೂ ಬರಲಿ, ಅರ್ಧ ದಿನಕ್ಕೆ. ಆರ್ಡಿಸ್ ಒಬ್ಬಳೇ ವಿರೋಧವಾಗಿ ಕೈ ಎತ್ತಿದಳು. ಹೊರಗೆ ಕಾರಿನ ಬಳಿ ಡ್ವೇನ್ ಹಿಂದೆ ಬಂದು, "ಅರ್ಧ ಸಿಕ್ತಲ್ಲ ಮಾರಾಯ್ತಿ. ಇನ್ನು ಸಿಗ್ನೆಗೆ ಹೇಳು, ಮಗು ಇಲ್ಲೇ ಇರ್ಲಿ. ಮಂಡಳಿಯವಳ ಮೊಮ್ಮಗಳೇ ಹೋದ್ರೆ ನೋಡಕ್ಕೆ ಚೆನ್ನಾಗಿರಲ್ಲ" ಎಂದ.

"ಯಾವ ಅರ್ಧ ದಿನ ಟೋವಾ ಓದೋದು ಡ್ವೇನ್? ಬೆಳಗ್ಗೆ ಅಕ್ಷರ, ಮಧ್ಯಾಹ್ನ ಬಾಯಿಪಾಠನಾ?"

ಅಳಿಯ ಲಾರಿ ಓಡಿಸುವವನು, ವಾರವೆಲ್ಲ ಊರಿನಲ್ಲಿ ಇರುವುದಿಲ್ಲ. ಸಿಗ್ನೆಗೆ ಬೇಕರಿಯ ಬೆಳಗಿನ ಪಾಳಿ. ಹಾಗಾಗಿ ಜನವರಿಯಲ್ಲಿ ಶಾಲೆ ಶುರುವಾದ ಮೊದಲ ದಿನ, ಹುಳುವಿನ ವಾಸನೆ ಹೊಡೆಯುವ ತನ್ನ ಪಿಕಪ್ ಗಾಡಿಯಲ್ಲಿ ಟೋವಾಳನ್ನು ಆಲ್ಡರ್ ಫಾಲ್ಸ್‌ಗೆ ಕರೆದೊಯ್ದವಳು ಹೆಗ್ರೆ ಶಾಲಾ ಮಂಡಳಿಯ ಹಾಲಿ ಸದಸ್ಯೆ ಆರ್ಡಿಸ್ ಕ್ವಾಮೆ.

ಕಚೇರಿಯಲ್ಲಿ ಕುಳಿತಿದ್ದ ಹೆಂಗಸಿಗೆ ಅವಳು ಯಾರೆಂದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಮುಗುಳ್ನಕ್ಕು, "ದಾರಿ ಚೆನ್ನಾಗಿತ್ತಾ? ಕೆರೆ ಪಕ್ಕ ಬರೋದು ಸೊಗಸು, ಅಲ್ವಾ? ಅದಕ್ಕೇ ಬರ್ತಾರೆ ಜನ" ಎಂದಳು. ಮರ್ಯಾದೆಯಿಂದ ಹೊರಗೆ ನಡೆಯಲು ಬಾಗಿಲು ತೆರೆದು ಕೊಟ್ಟ ಹಾಗೆ.

"ಇಲ್ಲಮ್ಮ," ಎಂದಳು ಆರ್ಡಿಸ್, ಇಡೀ ಕಾರಿಡಾರಿಗೆ ಕೇಳುವ ಹಾಗೆ. "ದಾರಿ ತುಂಬಾ ಹಿಮ, ಒಂದು ಕಡೆ ಗಾಡಿ ಜಾರ್ತು ಕೂಡ. ನಾವು ಆಟದ ಛಾವಣಿ ರಿಪೇರಿ ಮಾಡಕ್ಕೆ ಹೋಗಿ ಮಕ್ಳಿಗೆ ಓದೋದು ಕಲಿಸೋದು ಬಿಟ್ವಿ. ಅದಕ್ಕೆ ಬಂದಿದೀವಿ. ಕಲಿಸಿ. ಕಲಿಸಕ್ಕೆ ಆಗ್ದೇ ಇದ್ರೆ ಪರವಾಗಿಲ್ಲ ಅನ್ಬೇಡಿ, ನನಗೆ ಫೋನ್ ಮಾಡಿ."

ಟೋವಾ ಅವಳ ಕೋಟಿನ ತೋಳು ಜಗ್ಗಿದಳು. "ಅಜ್ಜಿ, ಕೂಗ್ತಿದೀಯ."

"ಗೊತ್ತು ಪುಟ್ಟಿ," ಎಂದಳು ಆರ್ಡಿಸ್. "ಕೂಗೋದನ್ನ ಈಗ ಕಲೀತಿದೀನಿ. ನೀನು ಹೋಗು, ಓದೋದನ್ನ ಕಲಿ."