ಆಲದಮರದಲ್ಲಿ ನನ್ನದೊಂದು ಗಂಟು

ಬಸ್ಸು ಹತ್ತಿದವರೆಲ್ಲ ಬಿಸಿಲು ಯಾವ ಕಡೆ ಬೀಳುತ್ತದೆಂದು ಲೆಕ್ಕ ಹಾಕಿ ಸೀಟು ಹಿಡಿಯುತ್ತಾರೆ. ನಾನು ಮಾತ್ರ ಮದ್ದೂರಿನಿಂದ ಕೊಪ್ಪಕ್ಕೆ ಹೋಗುವಾಗ, ಎಂಥ ಸುಡುಬಿಸಿಲಾದರೂ ಸರಿಯೆ, ಬಲಗಡೆಯೇ ಕೂರುತ್ತೇನೆ. ಎಡಗಡೆ ಕೂತರೆ ಊರು ಸಿಗುವ ಮೊದಲು ಒಂದು ಆಲದಮರ ಕಾಣುತ್ತದೆ. ಅದರ ಕೊಂಬೆಗಳಲ್ಲಿ ಹುಲ್ಲಿನ ಗಂಟುಗಳು ನೇತಾಡುತ್ತಿರುತ್ತವೆ. ನೀವು ನಮ್ಮ ಕಡೆಯವರಾದರೆ ವಿವರಣೆ ಬೇಕಿಲ್ಲ, ಅಲ್ಲವಾದರೆ ಕೇಳಿ. ಹಸು ಈದ ಮೇಲೆ ಬೀಳುವ ಮಾಸನ್ನು ಅದು ತಿನ್ನದಂತೆ ಕಾದಿದ್ದು ಎತ್ತಿ, ಹುಲ್ಲಿನಲ್ಲಿ ಸುತ್ತಿ, ಹಾಲು ಸುರಿಸುವ ಮರಕ್ಕೆ ಕಟ್ಟುತ್ತಾರೆ. ತಿಂದರೆ ಹಸುವಿನ ಹಾಲು ಬತ್ತುತ್ತದೆ, ಕಟ್ಟಿದರೆ ಉಕ್ಕುತ್ತದೆ ಎಂದು ನಂಬಿಕೆ. ಹಸುಗಳ ಗಂಟು ನೋಡಿ ನಾಚುವಷ್ಟು ಸುಕುಮಾರಿಯಲ್ಲ ನಾನು. ಆ ಮರದಲ್ಲಿ ಒಮ್ಮೆ ನನ್ನದೂ ಒಂದು ಗಂಟಿತ್ತು.

ಚೊಚ್ಚಲ ಮಗನಿಗೆ ನನ್ನಲ್ಲಿ ಹಾಲು ಬರಲಿಲ್ಲ. ಡಬ್ಬಿಯ ಪುಡಿಯನ್ನೂ ನೀರು ಬೆರೆಸಿದ ಹಸುವಿನ ಹಾಲನ್ನೂ ಕುಡಿದು, ವಾಂತಿಭೇದಿಗಳ ನಡುವೆ ಹೇಗೋ ಉಳಿದುಕೊಂಡ ಅವನನ್ನು ನೋಡಲು ಬಂದವರು ಮಗುವಿನ ಮುಖಕ್ಕಿಂತ ಮೊದಲು ನನ್ನ ಎದೆಯನ್ನು ನೋಡುತ್ತಿದ್ದರು. ಹಾಗಾಗಿ ಎರಡನೆಯ ಹೆರಿಗೆಗೆ ಕೊಪ್ಪದ ತವರಿಗೆ ಬಂದಾಗ ಎಲ್ಲರಿಗೂ ಒಂದೇ ಚಿಂತೆ, ಈ ಸಲವಾದರೂ ಹಾಲು ಬಂದೀತೆ ಎಂದು.

ಮಗಳು ಹುಟ್ಟಿದ ದಿನವೇ ಮಳವಳ್ಳಿಯಿಂದ ನಮ್ಮ ಯಜಮಾನರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದನ್ನು ಮನೆಯವರ ಮೇಲೆ ಪ್ರಯೋಗಿಸದೆ ಬಿಡುವವರಲ್ಲ. ಹಿತ್ತಿಲಲ್ಲಿ ಹೂಳಲೆಂದು ಅಮ್ಮ ನನ್ನ ಮಾಸನ್ನು ಮಡಕೆಯಲ್ಲಿಟ್ಟು ಬೇವಿನ ಸೊಪ್ಪು ಮುಚ್ಚಿದ್ದಳು. ಇವರು ಜಗಲಿಯಲ್ಲಿ ಕೂತು ಆ ಮಡಕೆಯ ಪರವಾಗಿ ವಕಾಲತ್ತು ವಹಿಸಿದರು. ನಾಯಿ, ಬೆಕ್ಕು, ಮೇಕೆ ಎಲ್ಲವೂ ತಿನ್ನುತ್ತವಂತೆ, ಪರದೇಶದಲ್ಲಿ ಕೆಲವು ತಾಯಂದಿರೂ ಬೇಯಿಸಿ ತಿನ್ನತೊಡಗಿದ್ದಾರಂತೆ, ತಿಂದವರಿಗೆ ಹಾಲೇ ಹಾಲಂತೆ. ಈರುಳ್ಳಿಯನ್ನೂ ಹೊಸ್ತಿಲು ದಾಟಿಸದ ಮನೆಯ ಜಗಲಿ ಅದು. ಅಳಿಯನೆದುರು ನಿಂತು ಮಾತಾಡದ ಅಮ್ಮ ಬಾಗಿಲ ಮರೆಯಿಂದಲೇ, ಹಸುವಿಗೇ ತಿನ್ನಗೊಡುವುದಿಲ್ಲವಲ್ಲ ಎಂದಳು. ಅದೆಲ್ಲ ಮೂಢನಂಬಿಕೆ ಎಂದು ಇವರು ತೀರ್ಪು ಕೊಟ್ಟರು. 

ಒಳಗೆ ಮಲಗಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು. ಮಗು ಬರಿಯೆದೆಯನ್ನು ಚೀಪಿ ಚೀಪಿ ಅಳುತ್ತಿತ್ತು. ಆ ಅಳು ಕೇಳುತ್ತ, ಮಡಿಹುಡಿಯ ಮನೆತನದ, ಬಿ.ಎ. ಪಾಸು ಮಾಡಿದ ನಾನು, ಅದನ್ನು ಮೆಣಸಿನ ಸಾರಿನಲ್ಲಿ ಮುಳುಗಿಸಿದರೆ ಬಹುಶಃ ಗಂಟಲಲ್ಲಿ ಇಳಿದೀತು ಎಂದು ಯೋಚಿಸುತ್ತಿದ್ದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ. ಬಾಣಂತಿ ಅದನ್ನು ತಿನ್ನಬೇಕೋ ಬಾರದೋ ಎಂಬ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಹಾಲಿಲ್ಲದ ತಾಯಿ ಏನನ್ನು ಬೇಕಾದರೂ ತಿಂದಾಳು ಎಂಬುದಷ್ಟೇ ಗೊತ್ತು.

ಸಂಜೆಯಾದರೂ ಹಿತ್ತಿಲಲ್ಲಿ ಗುದ್ದಲಿಯ ಸದ್ದು ಕೇಳಲಿಲ್ಲ. ಕಿಟಕಿಯಲ್ಲಿ ನೋಡಿದರೆ ಅಮ್ಮ ಹುಲ್ಲಿನ ಗಂಟೊಂದನ್ನು ಹಿಡಿದು ಬೀದಿಗಿಳಿದಿದ್ದಾಳೆ. ಎದುರು ಮನೆಯ ನಿಂಗಮ್ಮ ಅಡ್ಡ ಬಂದಳು.

"ಇದೇನ್ ಅಮ್ಮಾರೆ, ನಿಮ್ಮನೇಲಿ ಅಸಾನೇ ಇಲ್ವಲ್ಲ?"

"ಹಸುದಲ್ಲ ಕಣಮ್ಮ. ನನ್ನ ಮಗಳದು. ಹಾಲು ಬರಲಿ ಅಂತ."

ಒಂದು ಸುಳ್ಳು ಹೇಳಬಾರದಿತ್ತೆ! ನಿಂಗಮ್ಮ ನಗಲಿಲ್ಲ. "ಬಂದೇ ಬತ್ತದೆ ಬುಡಿ," ಎಂದು ತಾನೂ ಮರದವರೆಗೆ ಹೋದಳು. ಆದರೆ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಓದಿದ ಮಗಳನ್ನು ಕೊಟ್ಟಿಗೆಗೆ ಕಟ್ಟಿದೆಯಲ್ಲ ಎಂದು ರೇಗಿ, ನಾನು ಅಮ್ಮನ ಜೊತೆ ಮಾತು ಬಿಟ್ಟೆ. ಆಮೇಲೆ ಹಾಲು ಬಂತು, ರವಿಕೆ ತೊಯ್ಯುವಷ್ಟು ಬಂತು. ಯಜಮಾನರು ತಾವು ತಂದ ಟಾನಿಕ್ಕಿನ ಮಹಿಮೆ ಎಂದರು, ಅಮ್ಮ ಆಲದಮರದ ಕಡೆ ಕೈಮುಗಿದಳು. ನಾನು ಮಗುವಿಗೆ ಹಾಲೂಡಿಸಿದೆ. ಬಾಣಂತನ ಮುಗಿದು ಮಳವಳ್ಳಿಗೆ ಹೊರಡುವವರೆಗೂ ಅಮ್ಮನ ಜೊತೆ ಹೂಂ ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ.

ಮೊನ್ನೆ ಮಗಳೊಡನೆ ಕೊಪ್ಪದ ಬಸ್ಸು ಹತ್ತಿದರೆ ಬಲಗಡೆ ಸೀಟೇ ಇರಲಿಲ್ಲ. ಮರ ಬಂತು. ಅದೇನೆಂದು ಅವಳು ಕೇಳಿದಳು, ಹಸುವಿನ ಕಥೆ ಹೇಳಿದೆ. ಅವಳು ಬಸ್ಸಿಗೆಲ್ಲ ಕೇಳುವಂತೆ, "ನಂಗೂ ಕಟ್ಟಿದ್ರಾ ಅಮ್ಮಾ?" ಎಂದಳು.

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಕಣ್ಣಿಗೆ ಕಟ್ಟಿದ್ದು ಅಮ್ಮ. ಅಳಿಯನೆದುರು ತಲೆಯೆತ್ತದ, ಸೆರಗು ಹೊದೆಯದೆ ಬೀದಿಗಿಳಿಯದ ಅಮ್ಮ, ಆ ಗಂಟನ್ನು ಬಚ್ಚಿಟ್ಟುಕೊಳ್ಳದೆ ಕೈಯಲ್ಲಿ ಹಿಡಿದು ಊರ ನಡುವೆ ನಡೆದುಹೋದದ್ದು. ಇಷ್ಟು ವರ್ಷ ನನ್ನದೆಂದುಕೊಂಡಿದ್ದ ಆ ನಾಚಿಕೆಯನ್ನು ಅವಳು ನನಗಿಂತ ಮೊದಲೇ ಹೊತ್ತಿದ್ದಳು. ನಾನು ಅವಳಿಗೆ ಕೊಟ್ಟದ್ದು ಮಾತು ಬಿಟ್ಟ ಮುಖ.

"ಹೂಂ, ಅಜ್ಜಿ ಕಟ್ಟಿದ್ರು," ಎಂದೆ.

ಮುಂದಿನ ಸೀಟಿನವರು ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಬಿಸಿಲು ಎಡಗಡೆಗೇ ಬೀಳುತ್ತಿತ್ತು ಎಂದಿಟ್ಟುಕೊಳ್ಳಿ.