ಕಾರ್ಕಳದ ಕಲ್ಲಿನಲ್ಲಿ ನಿಖಿಲನ ಹೆಸರು

ಬೆಳಿಗ್ಗೆ ಕಾಪುವಿನಿಂದ ಉಡುಪಿಯ ಬಸ್ ಹತ್ತಿದಾಗ ಮಳೆ ಆಗಷ್ಟೇ ನಿಂತಿತ್ತು. ಕಟಪಾಡಿಯಲ್ಲಿ ಇಬ್ಬರು ಹೆಂಗಸರು ಶಂಕರಪುರದ ಮಲ್ಲಿಗೆ ಬುಟ್ಟಿಗಳೊಂದಿಗೆ ಹತ್ತಿದ್ದೇ ಬಸ್ಸೆಲ್ಲ ಘಮ್ಮೆಂದಿತು. ನನಗೆ ಕಾರ್ಕಳದಲ್ಲಿ ಒಂದು ಸ್ಮಾರಕದ ಕಲ್ಲು ಕೆತ್ತಿಸಬೇಕಿತ್ತು. ಅದಕ್ಕೆ ಮೊದಲು ಉಡುಪಿಯ ಕಡಿಯಾಳಿಯಲ್ಲಿ ಒಬ್ಬರನ್ನು ಕಾಣಬೇಕಿತ್ತು.

ಕಳೆದ ಮಳೆಗಾಲದಲ್ಲಿ ನನ್ನ ತಂಗಿ ವಸಂತಿ ಭಜನಾ ಮಂಡಳಿಯವರ ಜೊತೆ ಉತ್ತರದ ಕಡೆ ಯಾತ್ರೆಗೆ ಹೋಗಿದ್ದಳು. ಮರಳುವಾಗ ಅವರ ವಿಮಾನ ಬಿರುಮಳೆಯಲ್ಲಿ ಗುಡ್ಡಕ್ಕೆ ಬಡಿಯಿತು. ಯಾರೂ ಉಳಿಯಲಿಲ್ಲ. ಅಂಥ ಮೋಡದಲ್ಲಿ ಇಳಿಸಲು ಹೋಗಬಾರದಿತ್ತು ಎಂದು ತನಿಖೆ ಹೇಳಿತು. ಪೈಲಟ್ ನಿಖಿಲ್ ಉಡುಪಿಯವನೇ. ಸತ್ತವರ ಮನೆಯವರೆಲ್ಲ ಸೇರಿ ನಿಲ್ಲಿಸುವ ಕಲ್ಲಿನಲ್ಲಿ ಅವನ ಹೆಸರು ಬರಕೂಡದು ಎಂದು, ಅದೇ ವಿಮಾನದಲ್ಲಿ ಹೆಂಡತಿಯನ್ನು ಕಳೆದುಕೊಂಡ ಸದಾನಂದಣ್ಣ ಹಟ ಹಿಡಿದಿದ್ದರು. ಬರಲೇಬೇಕು ಎಂದು ನಾನು ನಿಶ್ಚಯಿಸಿದ್ದೆ.

ಕಡಿಯಾಳಿಯ ದೇವಸ್ಥಾನದ ಹಿಂದಿನ ಓಣಿಯಲ್ಲಿ ನಿಖಿಲನ ತಾಯಿ ಜಲಜಾಕ್ಷಿಯಮ್ಮನ ಮನೆ. ಬಾಗಿಲು ಅರ್ಧ ತೆರೆದೇ ನಾನು ಯಾರೆಂದು ಕೇಳಿದರು. ಬಂದ ವಿಷಯ ಹೇಳಿದೆ. ಅವರು ಬಾಗಿಲನ್ನು ಮತ್ತೆ ಮುಚ್ಚಲು ಹೊರಟರು.

"ಬೇಡ. ಅವನ ಹೆಸರಿದ್ದರೆ ಯಾರಾದರೂ ಕಲ್ಲಿಗೆ ಉಗಿದಾರು."

"ಉಗಿದರೆ ನಾನು ತೊಳೆಯುತ್ತೇನೆ," ಎಂದೆ.

ಆಮೇಲೆ, ವಿಮಾನ ಹೊರಡುವ ಮೊದಲು ವಸಂತಿ ಅದರೊಳಗಿಂದ ಮಾಡಿದ ಕೊನೆಯ ಫೋನಿನ ಸುದ್ದಿ ಹೇಳಿದೆ. ಪೈಲಟ್ ತಾನೇ ಬಂದು, ಊಟ ಆಯಿತಾ ಎಂದು ತುಳುವಿನಲ್ಲಿ ಕೇಳಿದ್ದನಂತೆ; ಎಲ್ಲರಿಗೂ ಊರು ಮುಟ್ಟಿದಷ್ಟೇ ಖುಷಿಯಾಗಿತ್ತಂತೆ. ಜಲಜಾಕ್ಷಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಸೀರೆ ಬದಲಿಸಿ, ಕೊಡೆ ಹಿಡಿದು ಬಂದು, ತಾನೂ ಕಾರ್ಕಳಕ್ಕೆ ಬರುತ್ತೇನೆ ಎಂದರು. ಅಪಘಾತದ ನಂತರ ಅವರು ಓಣಿ ದಾಟಿದ್ದು ಅದೇ ಮೊದಲು ಎಂದು ದಾರಿಯಲ್ಲಿ ತಿಳಿಯಿತು.

ಮಣಿಪಾಲದಲ್ಲಿ ಬಸ್ ತುಂಬಿ, ಹಿರಿಯಡ್ಕದಲ್ಲಿ ಖಾಲಿಯಾಯಿತು. ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು. ಕಾರ್ಕಳದಲ್ಲಿ ಇಳಿದು ಹೋಟೆಲಿನಲ್ಲಿ ಬನ್ಸ್ ತಿಂದೆವು. ಅವರು ಅರ್ಧ ಬಿಟ್ಟರು. ಅಲ್ಲಿಂದ ರಿಕ್ಷಾದಲ್ಲಿ ಊರಾಚೆಯ ಕಲ್ಲು ಕೆತ್ತುವ ಶೆಡ್ಡಿಗೆ ಹೋದೆವು.

ಶಿಲ್ಪಿ ಕಪ್ಪು ಕಲ್ಲಿಗೆ ನೀರು ಸುರಿದು ತೋರಿಸಿದ. ಹೆಸರುಗಳನ್ನು ಅಕಾರಾದಿಯಾಗಿ ಹಾಕಲು ಹೇಳಿದೆ. ನಿಖಿಲನ ಹೆಸರಿಗೆ ಬಂದಾಗ, ಸುದ್ದಿಯನ್ನು ಪೇಪರಿನಲ್ಲಿ ಓದಿದ್ದ ಶಿಲ್ಪಿ ಕೇಳಿದ, "ಇವರ ಹೆಸರಿನ ಜೊತೆ ಪೈಲಟ್ ಎಂದು ಬೇಕಾ?"

ಬೇಡವೆನ್ನಲು ನಾನು ಬಾಯಿ ತೆರೆದಿದ್ದೆ. ಆದಷ್ಟು ಸದ್ದಿಲ್ಲದೆ ಸೇರಿಸಿಬಿಡಬೇಕು ಎಂಬುದೇ ನನ್ನ ಲೆಕ್ಕವಾಗಿತ್ತು.

"ಹಾಕಿ," ಎಂದರು ಜಲಜಾಕ್ಷಿಯಮ್ಮ. "ಓಡಿಸಿದ್ದು ಅವನೇ ಅಲ್ವಾ? ಮುಚ್ಚಿಡಲಿಕ್ಕೆ ಎಂತ ಉಂಟು?"

ಹೊರಗೆ ಬಂದು ಸದಾನಂದಣ್ಣನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಲ್ಲು ನಿಲ್ಲಿಸುವ ದಿನ ತಾನು ಬರುವುದಿಲ್ಲ ಎಂದರು. ಬರುವವರೆಗೂ ಕರೆಯುತ್ತೇನೆ ಎಂದೆ. ಅವರು ಫೋನ್ ಮಾತ್ರ ಇಡಲಿಲ್ಲ.

ಮರಳುವಾಗ ಪರ್ಕಳದಲ್ಲಿ ಜೋರು ಮಳೆ ಹಿಡಿಯಿತು. ಕಡಿಯಾಳಿಯಲ್ಲಿ ಇಳಿಯುವ ಮೊದಲು ಜಲಜಾಕ್ಷಿಯಮ್ಮ ನನ್ನ ಕೈ ಹಿಡಿದು, ಕಲ್ಲು ನಿಲ್ಲಿಸುವ ದಿನ ಎಲ್ಲರ ಮುಂದೆ ಬಂದು ನಿಲ್ಲುತ್ತೇನೆ ಎಂದರು. ಬಸ್ ಹೊರಟಾಗ ಒದ್ದೆ ಗಾಜಿನಾಚೆ ಅವರು ಕಂಡರು. ಓಣಿಯ ಬಾಯಲ್ಲಿ ನೆರೆಯ ಹೆಂಗಸೊಬ್ಬರನ್ನು ತಾವೇ ನಿಲ್ಲಿಸಿ ಮಾತನಾಡುತ್ತಿದ್ದರು.